ಬಸಿರಿನ ಮರೆಯಲ್ಲಿ ಅಡಗಿದ್ದ ಕಾಯಿಲೆ

ನಿಮ್ಮ ಮಗು ತಬ್ಬಿಕೊಂಡು ಮಲಗೋ ಟೆಡ್ಡಿ ಬೇರ್‌ಗೆ ಆ ಹೆಸರು ಬಂದದ್ದು ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್ ಅವರಿಂದ. ಇದು ನಿಮಗೆ ಗೊತ್ತಿರಬಹುದು. ಆದರೆ ಅವರ ಮೊದಲ ಹೆಂಡತಿ ಆಲಿಸ್‌ಳ ಕಥೆ ಕೇಳಿದ್ದೀರಾ? ಬಸುರಿ ಹೆಣ್ಣುಮಗಳಿರುವ ಪ್ರತಿ ಮನೆಯವರೂ ಕೇಳಬೇಕಾದ ಕಥೆಯಿದು.

ಆಲಿಸ್ ಹುಟ್ಟಿದ್ದು 1861ರಲ್ಲಿ, ಬಾಸ್ಟನ್ ಹತ್ತಿರದ ಚೆಸ್ಟ್‌ನಟ್ ಹಿಲ್‌ನಲ್ಲಿ. ಸದಾ ನಗುನಗುತ್ತಿದ್ದ ಈಕೆಯನ್ನು ಎಲ್ಲರೂ ‘ಸನ್‌ಶೈನ್’ ಅಂತಲೇ ಕರೆಯುತ್ತಿದ್ದರು. 1878ರಲ್ಲಿ ಹಾರ್ವರ್ಡ್‌ನಲ್ಲಿ ಓದುತ್ತಿದ್ದ ಥಿಯೋಡರ್ ಆಕೆಯನ್ನು ಕಂಡು ಮನಸೋತ. 1880ರ ಅಕ್ಟೋಬರ್ 27ರಂದು, ಆತನ 22ನೇ ಹುಟ್ಟುಹಬ್ಬದ ದಿನವೇ ಮದುವೆಯಾಯಿತು. ಆಕೆಗಾಗ 19.

1884ರ ಫೆಬ್ರವರಿ 12ರಂದು ನ್ಯೂಯಾರ್ಕಿನ ಅತ್ತೆ ಮನೆಯಲ್ಲಿ ಆಲಿಸ್‌ಗೆ ಹೆಣ್ಣುಮಗು ಹುಟ್ಟಿತು. ಶಾಸನಸಭೆ ಕೆಲಸದ ಮೇಲೆ ಆಲ್ಬನಿಯಲ್ಲಿದ್ದ ಗಂಡನಿಗೆ ಶುಭಸುದ್ದಿಯ ತಂತಿ ಹೋಯಿತು. ಅದರ ಹಿಂದೆಯೇ ಇನ್ನೊಂದು! ಆತ ಓಡೋಡಿ ಬಂದಾಗ ಆಲಿಸ್‌ಗೆ ಸರಿಯಾಗಿ ಪ್ರಜ್ಞೆಯೇ ಇರಲಿಲ್ಲ. ಅದೇ ಮನೆಯಲ್ಲಿ ಆತನ ತಾಯಿ ಟೈಫಾಯ್ಡ್‌ನಿಂದ ಮಲಗಿದ್ದರು. 14ರಂದು ಮೊದಲು ತಾಯಿ, ಕೆಲವೇ ಗಂಟೆಗಳಲ್ಲಿ ಹೆಂಡತಿ ತೀರಿಕೊಂಡರು. ಆಲಿಸ್‌ಗೆ ಬರೀ 22 ವರ್ಷ.

ಕಾರಣ ಮೂತ್ರಪಿಂಡದ ಕಾಯಿಲೆ. ಬಸಿರಿನ ಮರೆಯಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಗಂಡ ಆ ದಿನದ ಡೈರಿಯಲ್ಲಿ ದೊಡ್ಡ ಕತ್ತರಿ ಗುರುತು ಹಾಕಿದ. ಮುಂದೆ ಆಕೆಯ ಹೆಸರೆತ್ತಿದ್ದೇ ಅಪರೂಪ.

ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುವ ಸಾಧನವನ್ನು ಇಟಲಿಯ ರಿವಾ ರೊಚ್ಚಿ ತೋರಿಸಿಕೊಟ್ಟದ್ದು 1896ರಲ್ಲಿ. ಆಗ ಆಲಿಸ್ ಹೋಗಿ 12 ವರ್ಷವಾಗಿತ್ತು. ನಮಗೆ ಆ ನೆಪ ಇಲ್ಲವಲ್ಲ!

ಐದು ತಿಂಗಳು ತುಂಬಿದ ಮೇಲೆ ಬಿಪಿ 140/90 ಮುಟ್ಟಿದರೆ ಡಾಕ್ಟರು ಮೂತ್ರದಲ್ಲಿ ಪ್ರೊಟೀನ್ ಇದೆಯೇ ಅಂತ ನೋಡುತ್ತಾರೆ. ರಕ್ತದಲ್ಲಿ ಕ್ರಿಯೇಟಿನಿನ್ ಏರಿದ್ದರೆ ಮೂತ್ರಪಿಂಡ ಸೋಲುತ್ತಿದೆ ಎಂದರ್ಥ. ಪ್ಲೇಟ್‌ಲೆಟ್ ಇಳಿದಿದ್ದರೆ, ಲಿವರ್ ಕಿಣ್ವ ಏರಿದ್ದರೆ ಅದೂ ಅಪಾಯದ ಸೂಚನೆ. ಮಾಸು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಸುವ ಪಿಎಲ್‌ಜಿಎಫ್ ಎಂಬ ರಕ್ತಪರೀಕ್ಷೆಯೂ ಈಗಿದೆ.

ವಿಪರೀತ ತಲೆನೋವು, ಕಣ್ಣು ಮಂಜು, ಮುಖ-ಕೈ ಊತ, ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಬಂದರೆ ಬಸಿರಲ್ಲಿ ಇದೆಲ್ಲ ಮಾಮೂಲಿ ಅಂತ ಸುಮ್ಮನಿರಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಹೆರಿಗೆಯಾದ ಮೇಲೂ ಅಷ್ಟೇ, ಬಾಣಂತಿಯ ಬಿಪಿ ನೋಡಿಸಲು ಮರೆಯಬೇಡಿ. ಆಲಿಸ್ ಹೋದದ್ದು ಹೆತ್ತ ಎರಡೇ ದಿನಕ್ಕೆ.