23 ವರ್ಷ ಕಾದ ಸತ್ಯ: ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ

ಯುದ್ಧದಲ್ಲಿ ಮಡಿದ ಯೋಧನ ಮನೆಯವರಿಗೆ ದುಃಖವಿದೆ. ಆದರೆ ಆ ದುಃಖಕ್ಕೆ ಒಂದು ನೆಲೆಯೂ ಇರುತ್ತದೆ. ಅಂತ್ಯಕ್ರಿಯೆ ನಡೆಯುತ್ತದೆ, ಸಮಾಧಿಯ ಬಳಿ ನಿಂತು ಅಳಲು ಒಂದು ಸ್ಥಳ ದೊರೆಯುತ್ತದೆ. ಕಾಣೆಯಾದ ಯೋಧನ ಮನೆಯವರಿಗೆ ಇವು ಯಾವುವೂ ಇಲ್ಲ. ಕಡತದಲ್ಲಿ ಬರೆದ ಒಂದು ಶಬ್ದ ಮಾತ್ರ ಅವರ ಪಾಲಿಗೆ ಉಳಿಯುತ್ತದೆ. ಕೊಡಗಿನ ವೀರಪುತ್ರ ಅಜ್ಜಮಾಡ ಬೋಪಯ್ಯ ದೇವಯ್ಯನವರ ಹೆಸರಿನ ಮುಂದೆ ಇಂತಹ ಒಂದು ಶಬ್ದ ಬಹುಕಾಲ ನಿಂತಿತ್ತು. ಅದನ್ನು ಅಳಿಸಿ ಸತ್ಯವನ್ನು ಬರೆಯಲು 23 ವರ್ಷ ಹಿಡಿದವು.

ದೇವಯ್ಯನವರು 1932ರ ಡಿಸೆಂಬರ್ 24ರಂದು ಕೊಡಗಿನಲ್ಲಿ ಜನಿಸಿದರು. ತಂದೆ ಬೋಪಯ್ಯನವರು ವೈದ್ಯರು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಮುಂತಾದವರನ್ನು ನಾಡಿಗೆ ನೀಡಿದ ಆ ನೆಲದಲ್ಲಿ ಸೈನ್ಯಸೇವೆಯು ಮನೆಮನೆಯ ಸಂಪ್ರದಾಯ. ದೇವಯ್ಯನವರು ಭೂಸೇನೆಯನ್ನು ಬಿಟ್ಟು ಆಕಾಶವನ್ನು ಆರಿಸಿಕೊಂಡು, 1954ರಲ್ಲಿ ಭಾರತೀಯ ವಾಯುಪಡೆಯ ಅಧಿಕಾರಿಯಾದರು. ಮುಂದೆ ತರುಣರಿಗೆ ವಿಮಾನ ಚಾಲನೆ ಕಲಿಸುವ ಶಿಕ್ಷಕರಾದರು. 1965ರಲ್ಲಿ ಪಾಕಿಸ್ತಾನದೊಡನೆ ಯುದ್ಧ ಆರಂಭವಾದಾಗ ಅವರನ್ನು ಪಂಜಾಬಿನ ಆದಂಪುರದಲ್ಲಿದ್ದ 1ನೆಯ ಸ್ಕ್ವಾಡ್ರನ್ನಿಗೆ ಸೇರಿಸಲಾಯಿತು. ಅದರ ನಾಯಕರು ವಿಂಗ್ ಕಮಾಂಡರ್ ಓ. ಪಿ. ತನೇಜಾ.

ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ಹಾಗೂ ಹಲವಾರಾ ನೆಲೆಗಳ ಮೇಲೆ ದಾಳಿ ಮಾಡಿದವು. ಮರುದಿನ ನಸುಕಿನಲ್ಲಿ ಪ್ರತಿದಾಳಿಗೆ ಆಜ್ಞೆ ಬಂತು. ಗುರಿ, ಪಾಕಿಸ್ತಾನದ ಪ್ರಮುಖ ವಾಯುನೆಲೆಯಾದ ಸರ್ಗೋಧಾ. ಹೊರಡಬೇಕಾಗಿದ್ದ ಮಿಸ್ಟೇರ್ ವಿಮಾನಗಳು 12. ದೇವಯ್ಯನವರ ಹೆಸರು ಆ ಹನ್ನೆರಡರಲ್ಲಿ ಇರಲಿಲ್ಲ; ಯಾವುದಾದರೂ ವಿಮಾನಕ್ಕೆ ಹೋಗಲಾಗದಿದ್ದರೆ ಅದರ ಸ್ಥಾನ ತುಂಬಲು ಅವರನ್ನು ಕಾಯ್ದಿರಿಸಲಾಗಿತ್ತು. ಒಂದು ವಿಮಾನ ಹಿಂದೆ ಉಳಿಯಿತು. ದೇವಯ್ಯನವರು ಹೊರಟರು.

ಅವರ ವಿಮಾನ ಫ್ರಾನ್ಸಿನಲ್ಲಿ ತಯಾರಾದುದು. ನೆಲದ ಗುರಿಗಳ ಮೇಲೆ ದಾಳಿ ಮಾಡಲು ಅದು ತಕ್ಕುದಾಗಿತ್ತು. ಆದರೆ ಮಟ್ಟವಾದ ಹಾರಾಟದಲ್ಲಿ ಅದರ ವೇಗ ಶಬ್ದದ ವೇಗವನ್ನು ಮೀರುತ್ತಿರಲಿಲ್ಲ. ಅದಕ್ಕೆ ಎದುರಾದುದು ಅಮೆರಿಕದಲ್ಲಿ ತಯಾರಾದ ಸ್ಟಾರ್‌ಫೈಟರ್. ಶಬ್ದದ ಎರಡರಷ್ಟು ವೇಗ ಮತ್ತು ಕ್ಷಿಪಣಿಗಳು ಅದರ ಬಲ. ಅದನ್ನು ನಡೆಸುತ್ತಿದ್ದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಅವರ ಹೊಡೆತಕ್ಕೆ ದೇವಯ್ಯನವರ ವಿಮಾನ ಘಾಸಿಗೊಂಡಿತು. ಆದರೂ ದೇವಯ್ಯನವರು ಪಲಾಯನ ಮಾಡದೆ ತಿರುಗಿ ನಿಂತರು. ಸ್ಟಾರ್‌ಫೈಟರ್ ನೇರ ಹಾರಾಟದಲ್ಲಿ ಅಜೇಯವಾದರೂ ಅದರ ರೆಕ್ಕೆಗಳು ಗಿಡ್ಡ. ಇಕ್ಕಟ್ಟಿನಲ್ಲಿ ಚುರುಕಾಗಿ ತಿರುಗುವುದು ಅದಕ್ಕೆ ಕಷ್ಟ. ಅಂತಹ ತಿರುವಿನ ಕಾಳಗದಲ್ಲಿ ದೇವಯ್ಯನವರ ಗುಂಡುಗಳು ಅದಕ್ಕೆ ತಗುಲಿದವು. ಹುಸೇನ್ ವಿಮಾನದಿಂದ ಹೊರಹಾರಿ ಬದುಕಿದರು. ದೇವಯ್ಯನವರು ಬದುಕಲಿಲ್ಲ. ಆಗ ಅವರಿಗೆ 32 ವರ್ಷ.

ಈ ಕಾಳಗವನ್ನು ಅವರ ಸಂಗಡಿಗರಲ್ಲಿ ಯಾರೂ ಕಾಣಲಿಲ್ಲ. ಉಳಿದವರು ಮರಳಿದರು, ಒಬ್ಬರು ಮರಳಲಿಲ್ಲ. ಭಾರತದ ಕಡತಕ್ಕೆ ತಿಳಿದದ್ದು ಇಷ್ಟೇ. ಮೊದಲು ಕಾಣೆಯಾದವರೆಂದೂ ಅನಂತರ ಮೃತರೆಂದೂ ಅದರಲ್ಲಿ ದಾಖಲಾಯಿತು.

ಅದೇ ತಿಂಗಳ 22ರಂದು ಕೊಡಗಿನ ಇನ್ನೊಬ್ಬ ವೈಮಾನಿಕ, ಕಾರ್ಯಪ್ಪನವರ ಪುತ್ರ ಕೆ. ಸಿ. ಕಾರ್ಯಪ್ಪನವರ ವಿಮಾನವೂ ಉರುಳಿತು. ಅವರು ಸೆರೆಯಾದ ಸುದ್ದಿ ಬೇಗನೆ ಮನೆ ಮುಟ್ಟಿತು. ಅಧ್ಯಕ್ಷ ಅಯೂಬ್ ಖಾನರು ಹಿಂದೆ ತಂದೆಯವರ ಕೈಕೆಳಗೆ ಸೇವೆ ಸಲ್ಲಿಸಿದ್ದವರು; ಆದರೂ ಮಗನಿಗೆ ವಿಶೇಷ ರಿಯಾಯಿತಿ ಬೇಡವೆಂದರು ತಂದೆ. 1966ರಲ್ಲಿ ಮಗ ಮರಳಿ ಬಂದರು. ದೇವಯ್ಯನವರ ಪತ್ನಿ ಮತ್ತು ಇಬ್ಬರು ಹೆಣ್ಣುಮಕ್ಕಳ ಮನೆಗೆ ಮಾತ್ರ ಅಂತಹ ಸುದ್ದಿ ಬರಲೇ ಇಲ್ಲ.

ಸತ್ಯವು ಬಂದದ್ದು ಎದುರಾಳಿಯ ಕಡೆಯಿಂದ. ಪಾಕಿಸ್ತಾನದ ವಾಯುಪಡೆಯು ತನ್ನ ಯುದ್ಧಚರಿತ್ರೆಯನ್ನು ಬರೆಯುವ ಕೆಲಸವನ್ನು ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕರಿಗೆ ವಹಿಸಿತ್ತು. 1979ರಲ್ಲಿ ಹೊರಬಂದ ಆ ಗ್ರಂಥದಲ್ಲಿ, ಒಂದು ಸ್ಟಾರ್‌ಫೈಟರ್ ಮಿಸ್ಟೇರ್ ವಿಮಾನದೊಡನೆ ನಡೆದ ಕಾಳಗದಲ್ಲಿ ನಾಶವಾಯಿತೆಂಬ ವಿವರವಿತ್ತು. ಆ ಹೊತ್ತಿಗೆ ನಿವೃತ್ತರಾಗಿದ್ದ ತನೇಜಾ ಅವರಿಗೆ ಇದರ ಅರ್ಥ ಹೊಳೆಯಿತು. ಅವರ ದಂಡಿನಲ್ಲಿ ಮರಳಿ ಬಂದವರಾರೂ ಸ್ಟಾರ್‌ಫೈಟರನ್ನು ಉರುಳಿಸಿದೆವೆಂದು ಹೇಳಿರಲಿಲ್ಲ. ಮರಳದೆ ಉಳಿದವರು ಒಬ್ಬರೇ. ಹಾಗಾದರೆ ಆ ವೀರಕೃತ್ಯವು ದೇವಯ್ಯನವರದಲ್ಲದೆ ಮತ್ತಾರದು? ತರ್ಕವು ಸರಳ, ಆದರೆ ಅದನ್ನು ಮಾಡಲು ಸತ್ತವನನ್ನು ಮರೆಯದ ಮನಸ್ಸೊಂದು ಬೇಕಾಗಿತ್ತು. ತನೇಜಾ ಅವರು ವಿಷಯವನ್ನು ಸರಕಾರದ ಮುಂದೆ ಇಟ್ಟರು. 1988ರಲ್ಲಿ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ನೀಡಲಾಯಿತು. ಯುದ್ಧಕಾಲದ ಶೌರ್ಯಪ್ರಶಸ್ತಿಗಳಲ್ಲಿ ಪರಮವೀರ ಚಕ್ರದ ನಂತರದ ಸ್ಥಾನ ಇದರದು. ಅದನ್ನು ಅವರ ಪತ್ನಿ ಸ್ವೀಕರಿಸಿದರು.

ಇಲ್ಲಿ ಮೂವರ ಋಣವಿದೆ, ಓದುಗ ಬಾಂಧವರೇ. ತಮ್ಮ ಕಡೆಯ ಸೋಲನ್ನೂ ಮುಚ್ಚಿಡದ ಬರಹದ ಋಣ ಒಂದು. ತನಗೆ ಲಾಭವಿಲ್ಲದಿದ್ದರೂ ಸಂಗಡಿಗನ ನ್ಯಾಯಕ್ಕಾಗಿ ದುಡಿದ ನಾಯಕನ ಋಣ ಮತ್ತೊಂದು. ಮೂರನೆಯದನ್ನು ನಾವು ಸುಲಭವಾಗಿ ಮರೆಯುತ್ತೇವೆ. ಸರ್ಗೋಧಾದಿಂದ ಬಹುದೂರವಿಲ್ಲದ ಹಳ್ಳಿಯ ಜನರು ದೇವಯ್ಯನವರ ದೇಹವನ್ನು ಕಂಡು, ತಮ್ಮ ನೆಲದಲ್ಲಿಯೇ ಮಣ್ಣುಮಾಡಿದ್ದರೆಂಬ ಸಂಗತಿ ಬಹುಕಾಲದ ಮೇಲೆ ತಿಳಿದುಬಂತು. ಮೃತರನ್ನು ಹೂಳುವುದು ಕರುಣೆಯ ಕಾರ್ಯವೆಂದು ನಮ್ಮ ಮಕ್ಕಳು ಧರ್ಮೋಪದೇಶದಲ್ಲಿ ಕಲಿಯುತ್ತಾರೆ. ಬಾಂಬು ಬೀಳಿಸಲು ಬಂದ ಪರದೇಶದ ಯೋಧನಿಗೂ ಆ ರೈತರು ಆ ಕರುಣೆಯನ್ನು ತೋರಿದರು.

ಇಂದು ಮಡಿಕೇರಿಯಲ್ಲಿ ದೇವಯ್ಯನವರ ಹೆಸರಿನ ವೃತ್ತವಿದೆ. 2025ರಲ್ಲಿ ತೆರೆಕಂಡ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಲನಚಿತ್ರವು ಈ ಸಾಹಸದಿಂದ ಪ್ರೇರಣೆ ಪಡೆದಿದೆ. ನಮ್ಮ ಮನಗೂಳಿಯ ಸೀಮೆಗೂ ಸೈನ್ಯಸೇವೆ ಅಪರಿಚಿತವಲ್ಲ. ವಿಜಯಪುರದಲ್ಲಿ 1963ರಲ್ಲಿ ಆರಂಭವಾದ ಸೈನಿಕ ಶಾಲೆಗೆ ಮಗನನ್ನು ಕಳಿಸುವ ಆಸೆ ಈ ಭಾಗದ ಅನೇಕ ತಂದೆತಾಯಿಗಳಿಗೆ ಇದೆ. ಸೇನೆಯಲ್ಲಿ ದುಡಿದು ಬಂದ ಹಿರಿಯರ ಸೇವಾಪುಸ್ತಕ, ಪದಕ, ಹಳೆಯ ಪತ್ರಗಳು ಕೆಲವು ಮನೆಗಳ ಪೆಟ್ಟಿಗೆಗಳಲ್ಲಿ ಗೆದ್ದಲಿಗೆ ಆಹಾರವಾಗುತ್ತಿರಬಹುದು. ಅವನ್ನು ಹೊರತೆಗೆದು ಬಿಸಿಲಿಗಿಡಿರಿ. ದಿನಾಂಕ, ಊರು, ದಳಗಳ ಹೆಸರನ್ನು ಮಕ್ಕಳ ಕೈಯಿಂದ ಬರೆಯಿಸಿರಿ. ಹಿರಿಯರು ಬದುಕಿರುವಾಗಲೇ ಕೇಳಿ ತಿಳಿಯಿರಿ. ಸತ್ತವರು ತಮ್ಮ ಪರವಾಗಿ ಸಾಕ್ಷಿ ನುಡಿಯಲಾರರು. ಆ ಹೊಣೆ ಬದುಕಿರುವವರದು.