ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್: ವಿಶ್ವವಿದ್ಯಾಲಯದ ಬಾಗಿಲಲ್ಲಿ ನಿಂತ ವಕೀಲ

ಕನ್ನಡದಲ್ಲಿ ದಲಿತ-ಬಂಡಾಯ ಚಿಂತನೆಯು ಅಮೆರಿಕದ ಕಪ್ಪುಜನರ ಹೋರಾಟದೊಡನೆ ನಡೆಸಿದ ಸಂವಾದದಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಮಾಲ್ಕಂ ಎಕ್ಸ್, ಬ್ಲ್ಯಾಕ್ ಪ್ಯಾಂಥರ್ ಮೊದಲಾದ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಬೀದಿಯ ಹೋರಾಟಕ್ಕೆ ದೊರೆತ ಈ ಗಮನ, ಅದಕ್ಕೂ ಮುಂಚೆ ನ್ಯಾಯಾಲಯಗಳಲ್ಲಿ ನಡೆದ ದೀರ್ಘ ಹೋರಾಟಕ್ಕೆ ನಮ್ಮಲ್ಲಿ ದೊರೆತಿಲ್ಲ. ಆ ಹೋರಾಟದ ರೂವಾರಿ ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್. ಉನ್ನತ ಶಿಕ್ಷಣದಲ್ಲಿ ಸಮಾನತೆಯ ಪ್ರಶ್ನೆಯನ್ನು ಅಧ್ಯಯನ ಮಾಡುವವರಿಗೆ ಅವರ ಬದುಕು ಮುಖ್ಯವೆನಿಸಬೇಕು.

ಹ್ಯೂಸ್ಟನ್ ಹುಟ್ಟಿದ್ದು 1895ರ ಸೆಪ್ಟೆಂಬರ್ 3ರಂದು, ವಾಷಿಂಗ್ಟನ್ನಿನಲ್ಲಿ. ತಂದೆ ವಕೀಲರು, ತಾಯಿ ಕೇಶಾಲಂಕಾರದ ವೃತ್ತಿಯವರು. ಮಗುವಿಗೆ ಇನ್ನೂ ವರ್ಷ ತುಂಬುವ ಮೊದಲೇ, 1896ರ ಮೇ ತಿಂಗಳಲ್ಲಿ, ಪ್ಲೆಸಿ ಪ್ರಕರಣದ ತೀರ್ಪು ಹೊರಬಿತ್ತು. ಸೌಲಭ್ಯಗಳು ಸಮಾನವಾಗಿದ್ದರೆ ಬಿಳಿಯರನ್ನೂ ಕರಿಯರನ್ನೂ ಪ್ರತ್ಯೇಕವಾಗಿ ಇರಿಸುವುದು ತಪ್ಪಲ್ಲವೆಂಬ ತತ್ತ್ವಕ್ಕೆ ಸರ್ವೋಚ್ಚ ನ್ಯಾಯಾಲಯದ ಮುದ್ರೆ ಬಿದ್ದುದು ಆಗಲೇ. ಹ್ಯೂಸ್ಟನ್ ತಮ್ಮ ವೃತ್ತಿಜೀವನವನ್ನೆಲ್ಲ ಈ ತತ್ತ್ವದ ಎದುರು ಸವೆಸಿದರು.

ಅವರು 1915ರಲ್ಲಿ ಆಮ್ಹರ್ಸ್ಟ್ ಕಾಲೇಜಿನಿಂದ ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾದರು. ಕೆಲಕಾಲ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಬೋಧಿಸಿ, ಮೊದಲನೆಯ ಮಹಾಯುದ್ಧ ಬಂದಾಗ ಸೇನಾಧಿಕಾರಿಯಾಗಿ ಫ್ರಾನ್ಸಿಗೆ ಹೋದರು. ತಮ್ಮದೇ ದೇಶದ ಬಿಳಿಯ ಸೈನಿಕರಿಂದ ಅಲ್ಲಿ ಅನುಭವಿಸಿದ ಅವಮಾನ ಅವರ ಮುಂದಿನ ದಾರಿಯನ್ನು ನಿರ್ಧರಿಸಿತು. 1919ರಲ್ಲಿ ಹಾರ್ವರ್ಡ್ ಕಾನೂನು ಶಾಲೆಗೆ ಸೇರಿ, ಅಲ್ಲಿನ ಕಾನೂನು ಪತ್ರಿಕೆಯ ಸಂಪಾದಕ ಮಂಡಳಿಗೆ ಆಯ್ಕೆಯಾದ ಮೊದಲ ಕಪ್ಪು ವಿದ್ಯಾರ್ಥಿಯೆನಿಸಿದರು. ಅದೇ 1919ರಲ್ಲಿ ನಮ್ಮ ಮೈಸೂರು ಸಂಸ್ಥಾನದಲ್ಲಿ ಮಿಲ್ಲರ್ ಸಮಿತಿಯು ವರದಿ ಸಲ್ಲಿಸಿತ್ತು. ಎರಡರ ನಡುವೆ ನೇರ ಸಂಬಂಧವಿಲ್ಲ. ಆದರೆ ಒಂದು ವ್ಯತ್ಯಾಸವನ್ನು ಗುರುತಿಸಬೇಕು. ಮಿಲ್ಲರ್ ಸಮಿತಿ ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳ ಪಾಲನ್ನು ಕುರಿತು ಯೋಚಿಸಿತು. ಹ್ಯೂಸ್ಟನ್ ಎದುರಿಸಬೇಕಾಗಿದ್ದುದು ಪಾಲಿನ ಮಾತು ಏಳುವುದಕ್ಕೂ ಮೊದಲಿನ ಸ್ಥಿತಿಯನ್ನು. ಅಲ್ಲಿ ಪ್ರವೇಶವೇ ನಿಷಿದ್ಧವಾಗಿತ್ತು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ತೌಲನಿಕ ಬರಹಗಳು ನಮ್ಮಲ್ಲಿ ಆಗಾಗ ಎಡವುವುದು ಇಲ್ಲಿಯೇ.

1929ರಲ್ಲಿ ಹ್ಯೂಸ್ಟನ್ ಹೋವರ್ಡ್ ಕಾನೂನು ಶಾಲೆಯ ಹೊಣೆ ಹೊತ್ತರು. ಅದು ಆಗ ಸಂಜೆಯ ಹೊತ್ತು ನಡೆಯುತ್ತಿದ್ದ ಶಾಲೆ. ದುಡಿಯುವವರಿಗೆ ಅನುಕೂಲವಾಗಿತ್ತಾದರೂ ಮಾನ್ಯತೆ ಇರಲಿಲ್ಲ. ಅವರು ಅದನ್ನು ಪೂರ್ಣಾವಧಿಯ ಹಗಲು ಶಾಲೆಯನ್ನಾಗಿಸಿ, ಎರಡೇ ವರ್ಷಗಳಲ್ಲಿ ಮಾನ್ಯತೆ ದೊರಕಿಸಿಕೊಟ್ಟರು. ಈ ಬದಲಾವಣೆಯಿಂದ ಬಡ ವಿದ್ಯಾರ್ಥಿಗಳು ಅವಕಾಶ ಕಳೆದುಕೊಂಡರೆಂಬ ಟೀಕೆ ಆಗಲೇ ಬಂದಿತ್ತು, ಅದರಲ್ಲಿ ಹುರುಳಿಲ್ಲದೆಯೂ ಇಲ್ಲ. ಆದರೆ ಅಲ್ಲಿಂದ ಹೊರಬಂದವರಲ್ಲಿ ಒಬ್ಬರು ತರ್ಗುಡ್ ಮಾರ್ಷಲ್. ತಮ್ಮ ಸ್ವಂತ ರಾಜ್ಯ ಮೇರಿಲ್ಯಾಂಡಿನ ವಿಶ್ವವಿದ್ಯಾಲಯದ ಕಾನೂನು ಶಾಲೆ ಕರಿಯರಿಗೆ ಮುಚ್ಚಿದ್ದರಿಂದ ಅವರು ಹೋವರ್ಡಿಗೆ ಬಂದಿದ್ದರು.

ಅದೇ ಮೇರಿಲ್ಯಾಂಡಿನ ಮೇಲೆ ಗುರುಶಿಷ್ಯರಿಬ್ಬರೂ 1935ರಲ್ಲಿ ಮೊಕದ್ದಮೆ ಹೂಡಿದರು. ಅರ್ಜಿದಾರ ಡೊನಾಲ್ಡ್ ಮರ್ರಿ. ಆತನೂ ಆಮ್ಹರ್ಸ್ಟ್ ಪದವೀಧರ. ಹ್ಯೂಸ್ಟನ್ನರ ಲೆಕ್ಕಾಚಾರವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ಪ್ರಾಥಮಿಕ ಶಾಲೆಗಳಲ್ಲಿ ಅಸಮಾನತೆ ಇದ್ದುದು ಎಲ್ಲರಿಗೂ ತಿಳಿದಿತ್ತು. 1934ರಲ್ಲಿ ಅವರು ದಕ್ಷಿಣ ಕೆರೊಲಿನಕ್ಕೆ ಹೋಗಿ ಆ ಶಾಲೆಗಳ ಚಲನಚಿತ್ರವನ್ನೂ ತೆಗೆದಿದ್ದರು. ಆದರೆ ಅಲ್ಲಿ ರಾಜ್ಯಗಳು ಎಷ್ಟೇ ಕಳಪೆಯಾದರೂ ಒಂದು ಪ್ರತ್ಯೇಕ ಶಾಲೆಯನ್ನು ತೋರಿಸಬಲ್ಲವು. ಕರಿಯರಿಗೆಂದು ಪ್ರತ್ಯೇಕ ಕಾನೂನು ಶಾಲೆಯನ್ನು ತೋರಿಸಲಾರವು, ಏಕೆಂದರೆ ಅಂಥದು ದಕ್ಷಿಣದ ಯಾವ ರಾಜ್ಯ ವಿಶ್ವವಿದ್ಯಾಲಯದಲ್ಲಿಯೂ ಇರಲಿಲ್ಲ. ಕಟ್ಟಿದರೆ ಅಪಾರ ಖರ್ಚು. ಕಟ್ಟದಿದ್ದರೆ ಇರುವುದರ ಬಾಗಿಲು ತೆರೆಯಬೇಕು. ಮೇಲಾಗಿ ಕಾನೂನು ಶಾಲೆ ಎಂದರೇನು ಎಂಬುದು ತೀರ್ಪು ಕೊಡುವ ನ್ಯಾಯಾಧೀಶರಿಗೆ ಸ್ವಂತ ಅನುಭವದಿಂದಲೇ ಗೊತ್ತಿರುತ್ತದೆ. ಪ್ಲೆಸಿ ತತ್ತ್ವವನ್ನು ನೇರವಾಗಿ ಅಲ್ಲಗಳೆಯದೆ, ಅದರಲ್ಲಿನ ಸಮಾನವೆಂಬ ಪದವನ್ನು ಅಕ್ಷರಶಃ ಪಾಲಿಸಿರೆಂದು ಒತ್ತಾಯಿಸುವುದೇ ಅವರ ತಂತ್ರ. ಮರ್ರಿಗೆ ಪ್ರವೇಶ ದೊರೆಯಿತು. 1936ರಲ್ಲಿ ಮೇಲ್ಮನವಿಯಲ್ಲಿಯೂ ತೀರ್ಪು ಉಳಿಯಿತು.

ಈ ವೇಳೆಗೆ ಹ್ಯೂಸ್ಟನ್ ಕಪ್ಪುಜನರ ಪ್ರಗತಿಗಾಗಿನ ರಾಷ್ಟ್ರೀಯ ಸಂಘದ ವಿಶೇಷ ವಕೀಲರಾಗಿದ್ದರು. ಮುಂದಿನ ಪ್ರಕರಣ ಮಿಸ್ಸೌರಿಯ ಲಾಯ್ಡ್ ಗೇನ್ಸ್ ಅವರದು. ಆ ರಾಜ್ಯ, ನೆರೆಯ ರಾಜ್ಯಕ್ಕೆ ಹೋಗಿ ಓದುವುದಾದರೆ ಶುಲ್ಕ ಕೊಡುತ್ತೇವೆ ಎನ್ನುತ್ತಿತ್ತು. ಸಮಾನತೆಯನ್ನು ಗಡಿಯಾಚೆಗೆ ರವಾನಿಸಲಾಗದು, ರಾಜ್ಯ ತನ್ನ ಮೇರೆಯೊಳಗೇ ಅದನ್ನು ಒದಗಿಸಬೇಕು ಎಂದು 1938ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಒಪ್ಪಿತು. ಆಗ ಮಿಸ್ಸೌರಿ ತರಾತುರಿಯಲ್ಲಿ ಕರಿಯರಿಗೊಂದು ಪ್ರತ್ಯೇಕ ಕಾನೂನು ಶಾಲೆಯನ್ನು ಏರ್ಪಡಿಸತೊಡಗಿತು. ಅದು ನಿಜಕ್ಕೂ ಸಮಾನವೇ ಎಂದು ಪ್ರಶ್ನಿಸಲು ವಕೀಲರು ಸಿದ್ಧರಾಗುವಷ್ಟರಲ್ಲಿ, 1939ರ ಮಾರ್ಚಿನ ಒಂದು ಸಂಜೆ ಗೇನ್ಸ್ ಷಿಕಾಗೋದ ತಮ್ಮ ವಸತಿಯಿಂದ ಹೊರಗೆ ಹೋದವರು ಮರಳಲಿಲ್ಲ. ಅವರಿಗೆ ಏನಾಯಿತೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಕಾನೂನಿನ ಇತಿಹಾಸಗಳು ಈ ತೀರ್ಪನ್ನು ಗೆಲುವಿನ ಪಟ್ಟಿಯಲ್ಲಿ ಸೇರಿಸಿ ಮುಂದೆ ಸಾಗುತ್ತವೆ. ಗೆದ್ದ ವಿದ್ಯಾರ್ಥಿ ಆ ತರಗತಿಯಲ್ಲಿ ಒಂದು ದಿನವೂ ಕೂರಲಿಲ್ಲ ಎಂಬುದನ್ನು ಮರೆಯಲಾಗದು.

ಹ್ಯೂಸ್ಟನ್ ಆ ವೇಳೆಗಾಗಲೇ ಸಂಘದ ಹೊಣೆಯನ್ನು ಮಾರ್ಷಲ್‌ಗೆ ಬಿಟ್ಟು ವಾಷಿಂಗ್ಟನ್ನಿಗೆ ಮರಳಿದ್ದರು. ಉದ್ಯೋಗರಂಗದ ತಾರತಮ್ಯವನ್ನು ತಡೆಯಲು 1941ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ರಚಿಸಿದ್ದ ಸಮಿತಿಗೆ ಅವರು 1944ರಲ್ಲಿ ಸದಸ್ಯರಾದರು. ರಾಜಧಾನಿಯ ಸಾರಿಗೆ ಸಂಸ್ಥೆಯು ಕರಿಯರನ್ನು ಚಾಲಕ-ನಿರ್ವಾಹಕ ಹುದ್ದೆಗೆ ತೆಗೆದುಕೊಳ್ಳದಿದ್ದಾಗ ಸಮಿತಿ ಆದೇಶ ಹೊರಡಿಸಲು ಮುಂದಾಯಿತು. ಅಧ್ಯಕ್ಷ ಟ್ರೂಮನ್ ಅದನ್ನು ತಡೆದರು. 1945ರ ಡಿಸೆಂಬರಿನಲ್ಲಿ ಹ್ಯೂಸ್ಟನ್ ರಾಜೀನಾಮೆ ನೀಡಿದರು. ಅಧಿಕಾರವಿಲ್ಲದ ಸಮಿತಿಯಲ್ಲಿ ಹೆಸರಿಗಾಗಿ ಉಳಿಯುವುದು ಅವರಿಗೆ ಒಗ್ಗದ ಸಂಗತಿ. ಸಮಾನತೆಗೆಂದು ಸಮಿತಿ, ಕೋಶಗಳನ್ನು ರಚಿಸಿ ಕೈತೊಳೆದುಕೊಳ್ಳುವ ಆಡಳಿತವನ್ನು ಕಂಡವರಿಗೆ ಈ ಪ್ರಸಂಗ ಅಪರಿಚಿತವೆನಿಸದು.

ಹೃದ್ರೋಗದಿಂದ ಬಳಲಿದ್ದ ಅವರು 1950ರ ಏಪ್ರಿಲ್ 22ರಂದು, 54ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆರು ವಾರಗಳ ಬಳಿಕ, ಜೂನ್ 5ರಂದು, ಟೆಕ್ಸಾಸ್ ಹಾಗೂ ಒಕ್ಲಹೋಮ ವಿಶ್ವವಿದ್ಯಾಲಯಗಳ ವಿರುದ್ಧ ಎರಡು ತೀರ್ಪುಗಳು ಒಟ್ಟಿಗೆ ಬಂದವು. ಒಕ್ಲಹೋಮದಲ್ಲಿ ಪ್ರವೇಶ ಪಡೆದ ಕಪ್ಪು ವಿದ್ಯಾರ್ಥಿ ಮೆಕ್ಲಾರಿನ್ ಅವರನ್ನು ಇತರರಿಂದ ಬೇರೆಯಾಗಿ ಕೂರಿಸಲಾಗುತ್ತಿತ್ತು. ಗ್ರಂಥಾಲಯದಲ್ಲಿಯೂ ಊಟದ ಕೋಣೆಯಲ್ಲಿಯೂ ಅವರಿಗೆ ಬೇರೆ ಮೇಜು. ನ್ಯಾಯಾಲಯ ಅದನ್ನು ನಿಲ್ಲಿಸಿತು. ಇನ್ನು ವಾಷಿಂಗ್ಟನ್ನಿನ ಶಾಲೆಗಳಿಗೆ ಸಂಬಂಧಿಸಿದ ಹೋರಾಟವನ್ನು ಹ್ಯೂಸ್ಟನ್ ಕಾಯಿಲೆಯ ದಿನಗಳಲ್ಲಿ ಸಹೋದ್ಯೋಗಿ ಜೇಮ್ಸ್ ನ್ಯಾಬ್ರಿಟ್ ಅವರಿಗೆ ಒಪ್ಪಿಸಿದ್ದರು. ಅದರ ತೀರ್ಪು 1954ರ ಮೇ 17ರಂದು, ಮಾರ್ಷಲ್ ವಾದಿಸಿದ ಬ್ರೌನ್ ಪ್ರಕರಣದ ತೀರ್ಪಿನೊಂದಿಗೇ ಹೊರಬಿತ್ತು.