ಮಠದ ತೋಟ, ಮಠದ ಪೀಠ: ಗ್ರೆಗರ್ ಮೆಂಡೆಲ್ ಅವರ ಜೀವಿತ

ಗ್ರೆಗರ್ ಮೆಂಡೆಲ್ ಎಂಬ ಹೆಸರನ್ನು ಪ್ರೌಢಶಾಲೆಯ ಜೀವಶಾಸ್ತ್ರದ ಪುಸ್ತಕದಲ್ಲಿ ಓದದ ವಿದ್ಯಾರ್ಥಿ ವಿರಳ. ಬಟಾಣಿ ಗಿಡ, ಮೂರಕ್ಕೆ ಒಂದರ ಪ್ರಮಾಣ, ಅನುವಂಶೀಯತೆಯ ನಿಯಮಗಳು, ಇಷ್ಟನ್ನು ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಒಪ್ಪಿಸಿ ನಾವು ಮುಂದೆ ಸಾಗುತ್ತೇವೆ. ಆ ಮಹನೀಯರು ಒಂದು ಕ್ರೈಸ್ತ ಮಠದ ಸನ್ಯಾಸಿಗಳಾಗಿದ್ದರು, ಹದಿನಾಲ್ಕು ವರ್ಷ ಒಂದೇ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದರು, ಆಮೇಲಿನ ಹದಿನಾರು ವರ್ಷ ತಮ್ಮ ಮಠದ ಅಧಿಪತಿಗಳಾಗಿ ಆಡಳಿತ ನಡೆಸಿದರು ಎಂಬ ವಿಷಯ ಪುಸ್ತಕದಲ್ಲಿ ಬಂದರೂ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಮಠ, ಶಾಲೆ, ಆಡಳಿತ ಈ ಮೂರರ ಸಹವಾಸದಲ್ಲಿಯೇ ಬಾಳಿದ ಈ ಸಂಪುಟದ ವಾಚಕರಿಗೆ ಆ ಒಂದು ಸಾಲು ಹೆಚ್ಚು ಚಿಂತನೀಯವೆಂದು ನನಗೆ ತೋರುತ್ತದೆ.

1822ರ ಜುಲೈ ತಿಂಗಳಲ್ಲಿ, ಅಂದಿನ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಸೈಲೀಶಿಯಾ ಪ್ರಾಂತದ ಹೈನ್‌ಟ್ಸೆನ್‌ಡಾರ್ಫ್ ಎಂಬ ಸಣ್ಣ ಹಳ್ಳಿಯಲ್ಲಿ ಮೆಂಡೆಲರ ಜನನವಾಯಿತು. ಆ ಊರು ಇಂದು ಚೆಕ್ ದೇಶದಲ್ಲಿದೆ. ತಂದೆತಾಯಿಗಳು ಇಟ್ಟ ಹೆಸರು ಯೋಹಾನ್. ತಂದೆ ಆಂಟನ್ ಬೇಸಾಯಗಾರ. ವಾರದಲ್ಲಿ ಮೂರು ದಿನ ಜಮೀನುದಾರನ ಹೊಲದಲ್ಲಿ ಬಿಟ್ಟಿ ದುಡಿದು, ಉಳಿದ ದಿನಗಳಲ್ಲಿ ತನ್ನ ಹೊಲ ನೋಡಿಕೊಳ್ಳಬೇಕಾದ ಕಾಲವದು. ಅಂತಹ ಬಡತನದಲ್ಲಿಯೂ ಆತನಿಗೆ ಹಣ್ಣಿನ ಗಿಡಗಳಿಗೆ ಕಸಿಕಟ್ಟುವುದರಲ್ಲಿ ಆಸಕ್ತಿಯಿತ್ತು. ಊರಿನ ಪಾದ್ರಿಗಳೂ ಹಳ್ಳಿಯ ಮಕ್ಕಳಿಗೆ ತೋಟಗಾರಿಕೆ ಕಲಿಸುತ್ತಿದ್ದರು. ಗಿಡದ ಮೇಲಿನ ಪ್ರೀತಿ ಹುಡುಗನಿಗೆ ಅಲ್ಲಿಂದಲೇ ಬಂದದ್ದು.

1838ರಲ್ಲಿ ಮರದ ದಿಮ್ಮಿಯೊಂದು ಬಿದ್ದು ತಂದೆಗೆ ತೀವ್ರ ಪೆಟ್ಟಾಯಿತು. ಮನೆಯಿಂದ ಬರುತ್ತಿದ್ದ ಅಲ್ಪ ನೆರವೂ ನಿಂತಿತು. ಹದಿನಾರರ ಬಾಲಕನು ಇತರ ಹುಡುಗರಿಗೆ ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡನು. ಮುಂದೆ ಓಲೊಮೌಟ್ಸ್ ನಗರದಲ್ಲಿ ಓದುವಾಗ ತಂಗಿ ತೆರೇಸಿಯಾ ತನ್ನ ವಿವಾಹಕ್ಕೆಂದು ಇದ್ದ ಹಣದಲ್ಲಿ ಒಂದು ಪಾಲನ್ನು ಅಣ್ಣನ ಕೈಗಿತ್ತಳು. ಆ ಋಣವನ್ನು ಮೆಂಡೆಲರು ಕೊನೆಯವರೆಗೂ ಮರೆಯಲಿಲ್ಲ. ಮಠಾಧಿಪತಿಗಳಾದ ಮೇಲೆ ಆ ತಂಗಿಯ ಮೂವರು ಗಂಡುಮಕ್ಕಳ ವಿದ್ಯಾಭ್ಯಾಸದ ಭಾರವನ್ನು ತಾವೇ ಹೊತ್ತರು. ಅವರಲ್ಲಿ ಇಬ್ಬರು ವೈದ್ಯರಾದರು.

1843ರಲ್ಲಿ ಅಧ್ಯಾಪಕರೊಬ್ಬರ ಶಿಫಾರಸಿನಿಂದ ಬ್ರನೋ ನಗರದ ಸಂತ ಥಾಮಸರ ಮಠವನ್ನು ಸೇರಿ, ಗ್ರೆಗರ್ ಎಂಬ ಹೊಸ ಹೆಸರನ್ನು ಪಡೆದರು. ಅಲ್ಲಿನ ಅಧಿಪತಿಗಳು ಸಿರಿಲ್ ನಾಪ್. ಈ ಕಥೆಯಲ್ಲಿ ನಾಪ್ ಅವರ ಪಾತ್ರ ಅಲ್ಪವಾದುದಲ್ಲ. 1824ರಿಂದ ನಾಲ್ಕು ದಶಕಗಳಿಗೂ ಮೀರಿ ಪೀಠದಲ್ಲಿದ್ದ ಅವರು ವ್ಯವಹಾರ ಬಲ್ಲವರು, ಕೃಷಿ ಸಂಘದ ಮುಂದಾಳುಗಳು, ಸರ್ಕಾರದೊಡನೆ ಎಲ್ಲಿ ಗಟ್ಟಿಯಾಗಬೇಕು ಎಲ್ಲಿ ಬಾಗಬೇಕು ಎಂಬುದನ್ನು ಅರಿತವರು. ಇವೆಲ್ಲಕ್ಕೂ ಮಿಗಿಲಾಗಿ ಮನುಷ್ಯರನ್ನು ಗುರುತಿಸುವ ಕಣ್ಣು ಅವರಿಗಿತ್ತು. ದಾರ್ಶನಿಕರನ್ನೂ ಸಂಗೀತಗಾರರನ್ನೂ ಸಸ್ಯಪ್ರಿಯರನ್ನೂ ಆಯ್ದು ತಂದು, ಒಬ್ಬೊಬ್ಬರಿಗೆ ಒಪ್ಪುವ ಕೆಲಸವನ್ನು ಕೊಟ್ಟು, ಮಠವನ್ನೇ ಒಂದು ವಿದ್ವತ್ಸಭೆಯನ್ನಾಗಿ ಮಾಡಿದ್ದರು.

ಮೆಂಡೆಲರಿಗೆ 1847ರಲ್ಲಿ ಪುರೋಹಿತ ದೀಕ್ಷೆಯಾಯಿತು. ಮರುವರ್ಷ ಪಾದ್ರಿಯ ಕರ್ತವ್ಯ ಬಂದಿತು. ರೋಗಿಗಳ ಹಾಸಿಗೆಯ ಬಳಿ ಕುಳಿತು ಸಾಂತ್ವನ ಹೇಳುವುದು, ಮರಣಾಸನ್ನರಿಗೆ ಕಡೆಯ ಸಂಸ್ಕಾರ ಮಾಡುವುದು ಆ ಕರ್ತವ್ಯದ ಭಾಗ. ಪರರ ನೋವನ್ನು ಕಂಡೊಡನೆ ಈ ಯುವಕ ಸನ್ಯಾಸಿಗಳು ತಾವೇ ಕುಸಿಯುತ್ತಿದ್ದರು, ಹಾಸಿಗೆ ಹಿಡಿಯುತ್ತಿದ್ದರು. ಬೇರೆ ಯಾವ ಅಧಿಪತಿಯಾದರೂ ಇದನ್ನು ದೌರ್ಬಲ್ಯವೆಂದೋ ಅವಿಧೇಯತೆಯೆಂದೋ ಬಗೆದು ದಂಡಿಸಬಹುದಾಗಿತ್ತು. ನಾಪ್ ಅವರು ಹಾಗೆ ಮಾಡದೆ, ಈತನು ಓದಿಗೆ ತಕ್ಕವನು, ಪಾದ್ರಿತನಕ್ಕೆ ಅಲ್ಲವೆಂದು ಬಿಷಪ್ಪರಿಗೆ ತಿಳಿಸಿ, 1849ರಲ್ಲಿ ಜ್ನೋಯ್ಮೊ ಊರಿನ ಶಾಲೆಗೆ ಬದಲಿ ಅಧ್ಯಾಪಕರನ್ನಾಗಿ ಕಳುಹಿಸಿಕೊಟ್ಟರು. ತರಗತಿಯನ್ನು ಹೊಕ್ಕ ಮೆಂಡೆಲರು ಬೇರೆಯೇ ಮನುಷ್ಯರಾದರು. ಆರೋಗ್ಯ ಮರಳಿತು, ಮಕ್ಕಳು ಮೆಚ್ಚಿದರು, ಸಹೋದ್ಯೋಗಿಗಳು ಆದರಿಸಿದರು.

ಪರೀಕ್ಷೆಗಳು ಮಾತ್ರ ಅವರಿಗೆ ಒಲಿಯಲಿಲ್ಲ. ಕಾಯಂ ಅಧ್ಯಾಪಕರಾಗಲು ಬೇಕಾದ ಪರೀಕ್ಷೆಗೆ 1850ರಲ್ಲಿ ಕುಳಿತು ಅನುತ್ತೀರ್ಣರಾದರು. ನಾಪ್ ಅವರು ಬೇಸರಿಸದೆ ಮಠದ ವೆಚ್ಚದಲ್ಲಿ 1851ರಿಂದ 1853ರವರೆಗೆ ವಿಯೆನ್ನಾ ವಿಶ್ವವಿದ್ಯಾನಿಲಯದಲ್ಲಿ ಓದಿಸಿದರು. ಡಾಪ್ಲರ್ ಅವರಿಂದ ಭೌತಶಾಸ್ತ್ರ, ಊಂಗರ್ ಅವರಿಂದ ಸಸ್ಯಶಾಸ್ತ್ರ ಕಲಿತು ಬಂದರು. 1856ರಲ್ಲಿ ಮತ್ತೆ ಪರೀಕ್ಷೆಗೆ ಹೋಗಿ, ಅಸ್ವಸ್ಥರಾಗಿ, ಬರಿಗೈಯಲ್ಲಿ ಹಿಂದಿರುಗಿದರು. 1854ರಿಂದ 1868ರವರೆಗೆ ಬ್ರನೋದ ತಾಂತ್ರಿಕ ಪ್ರೌಢಶಾಲೆಯಲ್ಲಿ ಅವರು ಬದಲಿ ಅಧ್ಯಾಪಕರಾಗಿಯೇ ಉಳಿದರು. ಪ್ರಮಾಣಪತ್ರದ ಬಲದಿಂದ ವಿದ್ವತ್ತನ್ನು ಅಳೆಯುವವರಿಗೆ ಇದೊಂದು ಉತ್ತರವೆಂದು ಅಧ್ಯಾಪಕ ಮಿತ್ರರು ನಗೆಯಾಡಬಹುದು. ನಾನು ಅಲ್ಲಗಳೆಯಲಾರೆ.

ಆ ಹದಿನಾಲ್ಕು ವರ್ಷಗಳೇ ಮೆಂಡೆಲರ ನಿಜವಾದ ಜೀವಿತ. ಮಠದ ಗೋಡೆಯ ಬದಿಗೆ ಸುಮಾರು 35 ಮೀಟರು ಉದ್ದ, 7 ಮೀಟರು ಅಗಲದ ಒಂದು ತುಂಡು ನೆಲ. ಬೀಜದ ವ್ಯಾಪಾರಿಗಳಿಂದ 34 ಬಗೆಯ ಬಟಾಣಿಯನ್ನು ತರಿಸಿ, ಎರಡು ವರ್ಷ ಬಿತ್ತಿ ನೋಡಿ, ಗುಣ ಬದಲಾಗದೆ ನಿಂತ 22 ಬಗೆಗಳನ್ನು ಆರಿಸಿಕೊಂಡರು. ಬೀಜದ ಆಕಾರ, ಬೀಜದ ಬಣ್ಣ, ಗಿಡದ ಎತ್ತರ ಮೊದಲಾದ ಏಳು ಲಕ್ಷಣಗಳನ್ನು ಮಾತ್ರ ಗಮನಕ್ಕೆ ತಂದುಕೊಂಡರು. ಹೂವು ಅರಳುವ ಮುನ್ನವೇ ಮೊಗ್ಗನ್ನು ಬಿಡಿಸಿ, ಕೇಸರಗಳನ್ನು ಚಿಮುಟಿಗೆಯಿಂದ ಕಿತ್ತು, ಬೇರೆ ಗಿಡದ ಪರಾಗವನ್ನು ಸೋಕಿಸಿ, ಕೀಟಗಳು ಬಾರದಂತೆ ಚೀಲ ಕಟ್ಟುವುದು. ಕಾಯಿ ಬಲಿತ ಮೇಲೆ ಒಂದೊಂದು ಕಾಳನ್ನೂ ಎಣಿಸಿ ಬರೆದಿಡುವುದು. 1863ರವರೆಗೆ ಹೀಗೆ ಸುಮಾರು 28,000 ಗಿಡಗಳು ಅವರ ಕೈಯಿಂದ ಹಾದುಹೋದವು. ಮಿಶ್ರತಳಿಯ ಎರಡನೆಯ ಪೀಳಿಗೆಯ 7,324 ಕಾಳುಗಳಲ್ಲಿ 5,474 ದುಂಡಗಿನವು, 1,850 ಸುಕ್ಕುಗಟ್ಟಿದವು. ಮತ್ತೊಂದು ಪ್ರಯೋಗದಲ್ಲಿ 6,022 ಹಳದಿ, 2,001 ಹಸಿರು. ಎಲ್ಲಿ ನೋಡಿದರೂ ಮೂರಕ್ಕೆ ಒಂದು! ಮೊದಲ ಪೀಳಿಗೆಯಲ್ಲಿ ಮರೆಯಾದ ಗುಣ ನಾಶವಾಗಿರಲಿಲ್ಲ, ಅಡಗಿತ್ತು. ಎರಡನೆಯ ಪೀಳಿಗೆಯಲ್ಲಿ ಲೆಕ್ಕ ಹಾಕಿದಂತೆ ಮರಳಿ ಬಂದಿತು. ಸಾವಿರಾರು ವರ್ಷಗಳಿಂದ ರೈತರು ಕಂಡಿದ್ದ ಗಿಡದಲ್ಲಿ ಯಾರೂ ಕಾಣದಿದ್ದ ನಿಯಮವನ್ನು ಕಾಣಿಸಿದ್ದು ಎಣಿಸುವ ತಾಳ್ಮೆ, ಸಣ್ಣ ಅಂಕಿಯನ್ನೂ ಬಿಟ್ಟುಕೊಡದ ಹಟ.

1865ರ ಫೆಬ್ರುವರಿ 8 ಮತ್ತು ಮಾರ್ಚ್ 8ರಂದು ಬ್ರನೋದ ನಿಸರ್ಗವಿಜ್ಞಾನ ಸಂಘದಲ್ಲಿ ಈ ಫಲಿತಾಂಶಗಳನ್ನು ಓದಿದರು. 1866ರಲ್ಲಿ ಲೇಖನ ಅಚ್ಚಾಯಿತು. 40 ಬಿಡಿಪ್ರತಿಗಳನ್ನು ತರಿಸಿಕೊಂಡು ಕೆಲವನ್ನು ವಿದ್ವಾಂಸರಿಗೆ ಕಳುಹಿಸಿದರು. ಮ್ಯೂನಿಕ್‌ನ ಪ್ರಸಿದ್ಧ ಸಸ್ಯಶಾಸ್ತ್ರಜ್ಞ ನೇಗೆಲಿಯವರು ಪತ್ರವ್ಯವಹಾರ ಮಾಡಿದರೇ ಹೊರತು ಅದರ ಮರ್ಮವನ್ನು ಗ್ರಹಿಸಲಿಲ್ಲ.

1867ರ ಜುಲೈಯಲ್ಲಿ ನಾಪ್ ಅವರು ದೇಹಬಿಟ್ಟರು. 1868ರ ಮಾರ್ಚ್ 30ರಂದು, ಎರಡನೆಯ ಸುತ್ತಿನ ಮತದಾನದಲ್ಲಿ, ಮಠದ ಸನ್ಯಾಸಿಗಳು ಮೆಂಡೆಲರನ್ನು ಅಧಿಪತಿಗಳನ್ನಾಗಿ ಆರಿಸಿದರು. ಎಲ್ಲರಿಗೂ ಬೇಕಾದವರು, ಯಾರ ವೈರಿಯೂ ಅಲ್ಲದವರು, ಪ್ರಾಮಾಣಿಕರು. ಆಯ್ಕೆ ಸಹಜವಾಗಿಯೇ ಇತ್ತು. ಅವರೂ ಒಪ್ಪಿದರು. ತಂಗಿಯ ಮಕ್ಕಳಿಗೆ ನೆರವಾಗಬಹುದೆಂಬ ಆಸೆ ಮನಸ್ಸಿನಲ್ಲಿ ಇದ್ದಿತೆಂದು ಊಹಿಸಿದರೆ ತಪ್ಪಾಗದು. ಹೊಸ ಸ್ಥಾನ ತಮಗೆ ಅಪರಿಚಿತವೆನಿಸಿದರೂ, ಅದಕ್ಕೆ ಹೊಂದಿಕೊಂಡ ಮೇಲೆ ಪ್ರಯೋಗಗಳಿಗೆ ಮೊದಲಿಗಿಂತ ಹೆಚ್ಚು ಕಾಲ ದೊರೆತೀತೆಂದು ಅವರು ಆ ವರ್ಷವೇ ನೇಗೆಲಿಯವರಿಗೆ ಬರೆದು ತಿಳಿಸಿದರು. ಮುಖ್ಯೋಪಾಧ್ಯಾಯ ಪದವಿಯನ್ನು ಒಪ್ಪಿಕೊಳ್ಳುವ ಉತ್ತಮ ಅಧ್ಯಾಪಕರೆಲ್ಲರ ಬಾಯಲ್ಲಿ ಬರುವ ಮಾತೂ ಬಹುಮಟ್ಟಿಗೆ ಇದೇ.

ಇಲ್ಲಿ ನಮ್ಮ ಶಾಸ್ತ್ರಪದ್ಧತಿಯ ಒಂದು ಶಬ್ದವನ್ನು ನೆನೆಯಬೇಕೆನಿಸುತ್ತದೆ. ಗ್ರಂಥಾರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವನ್ನು ಹೇಳುವುದುಂಟು. ಅಲ್ಲಿ ಅಧಿಕಾರಿಯೆಂದರೆ ಆಳುವವನಲ್ಲ. ಆ ವಿಷಯಕ್ಕೆ ಅರ್ಹನಾದವನು. ಯೋಗ್ಯತೆಯನ್ನು ಹೇಳುತ್ತಿದ್ದ ಶಬ್ದ ಈಗ ದರ್ಪವನ್ನು ಹೇಳುತ್ತದೆ. ಬಟಾಣಿಯ ಮಡಿಯಲ್ಲಿ ಮೆಂಡೆಲರು ಹಳೆಯ ಅರ್ಥದ ಅಧಿಕಾರಿ. 1868ರ ತರುವಾಯ ಹೊಸ ಅರ್ಥದ ಅಧಿಕಾರಿ.

ಪೀಠದ ಜೊತೆಗೆ ಬಂದ ಕೆಲಸಗಳಿಗೆ ಮಿತಿಯಿರಲಿಲ್ಲ. ಮಠದ ಜಮೀನು, ಲೆಕ್ಕಪತ್ರ, ಕೃಷಿ ಸಂಘದ ಸಭೆ, ಕಿವುಡು ಮೂಗರ ಶಾಲೆಯ ಮೇಲ್ವಿಚಾರಣೆ, ಕಡೆಗೆ ಪ್ರಾಂತದ ಅಡಮಾನ ಬ್ಯಾಂಕಿನ ಅಧ್ಯಕ್ಷತೆಯೂ ಸೇರಿಕೊಂಡಿತು. ದಾನದಲ್ಲಿ ಉದಾರಿಗಳಾಗಿದ್ದರು, ಹುಟ್ಟಿದೂರಿನ ಅಗ್ನಿಶಾಮಕ ದಳಕ್ಕೆ ಧನಸಹಾಯ ಮಾಡಿದರು. ಹೀರೇಸಿಯಂ ಎಂಬ ಕಾಡುಗಿಡದ ಮೇಲೆ ನಡೆಸುತ್ತಿದ್ದ ಪ್ರಯೋಗಗಳು ಕುಂಟುತ್ತಾ ಸಾಗಿ ನಿಂತವು. ಪೀಠವೊಂದನ್ನೇ ದೂರುವುದು ನ್ಯಾಯವಲ್ಲ. ಆ ಗಿಡವು ಬಹುಪಾಲು ಪರಾಗಸ್ಪರ್ಶವಿಲ್ಲದೆಯೇ ಬೀಜ ಕಟ್ಟುವ ಜಾತಿಯದೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಅತಿಸೂಕ್ಷ್ಮವಾದ ಆ ಹೂಗಳನ್ನು ಕನ್ನಡಿಯ ಬೆಳಕಿನಲ್ಲಿ ಬಿಡಿಸಿ ಬಿಡಿಸಿ 1869ರಲ್ಲಿ ಕಣ್ಣುಗಳೂ ದಣಿದಿದ್ದವು. ಆದರೂ ಕಣ್ಣು ಸುಧಾರಿಸಿತು, ಕಾಲ ಮಾತ್ರ ಮರಳಲಿಲ್ಲ. 1873ರಲ್ಲಿ ನೇಗೆಲಿಯವರಿಗೆ ಬರೆದ ಕಡೆಯ ಪತ್ರದಲ್ಲಿ, ತಮ್ಮ ಗಿಡಗಳನ್ನೂ ಜೇನುಹುಳುಗಳನ್ನೂ ಸಂಪೂರ್ಣವಾಗಿ ಕಡೆಗಣಿಸಬೇಕಾಗಿ ಬಂದುದಕ್ಕೆ ಅವರು ಖೇದಗೊಂಡಿದ್ದಾರೆ. ಐದು ವರ್ಷದ ಹಿಂದಿನ ಭರವಸೆಗೂ ಈ ಖೇದಕ್ಕೂ ನಡುವೆ ಒಬ್ಬ ಮನುಷ್ಯನು ತನ್ನನ್ನು ಅರಿತುಕೊಂಡ ಕಥೆಯಿದೆ. ಆದರೆ 1849ರಲ್ಲಿ ಅವರನ್ನು ಅರಿತು, ಕೈಹಿಡಿದು ಬೇರೆಡೆಗೆ ಕಳುಹಿಸಿದಂತಹ ನಾಪ್ ಅವರು ಈಗ ಇರಲಿಲ್ಲ. ಅವರ ಪೀಠದಲ್ಲಿ ಕುಳಿತಿದ್ದವರು ಮೆಂಡೆಲರೇ.

ಮರುವರ್ಷ ಕಂಟಕ ಬಂದಿತು. 1874ರ ಮೇ ತಿಂಗಳಲ್ಲಿ ಆಸ್ಟ್ರಿಯಾ ಸರ್ಕಾರವು ಮಠಗಳ ಆಸ್ತಿಯ ಮೇಲೆ ತೆರಿಗೆ ವಿಧಿಸುವ ಶಾಸನವನ್ನು ತಂದಿತು. ಸಂತ ಥಾಮಸರ ಮಠಕ್ಕೆ ಬಿದ್ದುದು ವರ್ಷಕ್ಕೆ ಏಳು ಸಾವಿರಕ್ಕೂ ಮೀರಿದ ಗುಲ್ಡನ್. ಸ್ವಇಚ್ಛೆಯಿಂದ ಎರಡು ಸಾವಿರ ಕೊಡುತ್ತೇವೆ, ತೆರಿಗೆಯೆಂದು ಒಂದು ಕಾಸನ್ನೂ ಕೊಡೆವು ಎಂಬುದು ಮೆಂಡೆಲರ ನಿಲುವು. ಇತರ ಮಠಗಳು ಕಾಲಕ್ರಮದಲ್ಲಿ ಬಾಗಿದವು, ಇವರು ಬಾಗಲಿಲ್ಲ. ಸರ್ಕಾರವು ಮಠದ ಆದಾಯವನ್ನು ಮುಟ್ಟುಗೋಲು ಹಾಕಿಕೊಂಡಿತು. ಇವರು ಮನವಿಯ ಮೇಲೆ ಮನವಿ, ಆಕ್ಷೇಪದ ಮೇಲೆ ಆಕ್ಷೇಪ ಬರೆದರು. ಹಿತೈಷಿಗಳು ಹೇಳಿ ಸೋತರು, ಮಠದೊಳಗಿನವರೂ ದೂರ ಸರಿದರು. ಎಲ್ಲರಿಗೂ ಬೇಕಾಗಿದ್ದ ಮನುಷ್ಯರು ಒಂಟಿಯಾದರು, ಸಂಶಯಗ್ರಸ್ತರಾದರು.

ಮೆಂಡೆಲರ ವಾದ ನ್ಯಾಯವಾಗಿತ್ತೋ ಇಲ್ಲವೋ, ಅದು ಬೇರೆ ಮಾತು. ನನ್ನ ಗಮನವನ್ನು ಸೆಳೆಯುವುದು ಇನ್ನೊಂದು ಅಂಶ. 28,000 ಗಿಡಗಳ ನಡುವೆ ಅವರನ್ನು ಎಂಟು ವರ್ಷ ಅಲುಗಾಡದೆ ನಿಲ್ಲಿಸಿದ ಹಟ ಯಾವುದೋ, ತೆರಿಗೆಯ ಕಾಗದಗಳ ನಡುವೆ ಹತ್ತು ವರ್ಷ ನಿಲ್ಲಿಸಿದ್ದೂ ಅದೇ. ನಿಸರ್ಗದ ಮುಂದೆ ಅಂಕಿಯನ್ನು ಬಿಟ್ಟುಕೊಡದವನು ಋಷಿಯಾಗುತ್ತಾನೆ. ಸರ್ಕಾರದ ಮುಂದೆ ಅಕ್ಷರವನ್ನು ಬಿಟ್ಟುಕೊಡದವನು ಕಟ್ಟಳೆಯ ಜಾಲದಲ್ಲಿ ಸಿಕ್ಕಿಬೀಳುತ್ತಾನೆ. ಆಡಳಿತಕ್ಕೆ ಬೇಕಾದುದು ಕೊಟ್ಟು ತೆಗೆದುಕೊಳ್ಳುವ ಗುಣ, ಅದು ನಾಪ್ ಅವರಲ್ಲಿತ್ತು. ಮೆಂಡೆಲರಲ್ಲಿ ಗುಣವೇನೂ ಕಡಿಮೆಯಾಗಿರಲಿಲ್ಲ, ಗುಣವಿದ್ದ ಎಡೆ ಬದಲಾಗಿತ್ತು.

ಈ ಕದನದ ನಡುವೆಯೂ ಒಂದು ಅಭ್ಯಾಸವನ್ನು ಅವರು ಬಿಡಲಿಲ್ಲ. ದಿನದಿನದ ಉಷ್ಣತೆ, ವಾಯುಭಾರ, ಮಳೆಯ ಪ್ರಮಾಣಗಳನ್ನು ನೋಡಿ ಬರೆದಿಡುವುದು. 1870ರ ಅಕ್ಟೋಬರ್ 13ರಂದು ಬ್ರನೋ ನಗರದ ಮೇಲೆ ಎರಗಿದ ಸುಂಟರಗಾಳಿಯು ಅವರ ವಸತಿಯ ಕಿಟಕಿಗಳನ್ನೂ ಒಡೆದಿತ್ತು. ಅದು ತಿರುಗಿದ ದಿಕ್ಕನ್ನೂ ಮಾಡಿದ ಹಾನಿಯನ್ನೂ ಅವರು ಸಂಘದ ಮುಂದೆ ವಿವರಿಸಿದ ರೀತಿಯಲ್ಲಿ ಹಳೆಯ ಮೆಂಡೆಲರು ಮತ್ತೆ ಕಾಣುತ್ತಾರೆ. ಪೀಠದ ಕೆಲಸದಿಂದ ಕದ್ದ ನಿಮಿಷಗಳಲ್ಲಿ ಸಾಧ್ಯವಾದುದು ಇಷ್ಟೇ: ಉಷ್ಣಮಾಪಕವನ್ನು ನೋಡಲು ಕ್ಷಣ ಸಾಕು; ಬಟಾಣಿಯ ಮಡಿಗೆ ಪೂರ್ಣ ಋತುವೇ ಬೇಕು.

ಮೂತ್ರಪಿಂಡದ ವ್ಯಾಧಿಯಿಂದ ಬಳಲಿ 1884ರ ಜನವರಿ 6ರಂದು ಮೆಂಡೆಲರು ತೀರಿಕೊಂಡರು. ಅಂತ್ಯವಿಧಿಯ ಸಂಗೀತವನ್ನು ನಡೆಸಿದವರು ಆ ಮಠದ ಆಶ್ರಯದಲ್ಲಿ ಬೆಳೆದು ಮುಂದೆ ಹೆಸರಾಂತ ಸಂಗೀತಕಾರರಾದ ಲೇಯೋಶ್ ಯಾನಾಚೆಕ್. ಮಠಾಧಿಪತಿಗಳ ಶವಯಾತ್ರೆಗೆ ಜನ ಬಹಳ ಸೇರಿದ್ದರು, ಬಡವರು ಅತ್ತರು. ಹೋದವರು ಎಂತಹ ವಿಜ್ಞಾನಿಯೆಂಬುದನ್ನು ಮಾತ್ರ ಆ ಗುಂಪು ಅರಿತಿರಲಿಲ್ಲ. ತೆರಿಗೆಯ ವ್ಯಾಜ್ಯ ಉತ್ತರಾಧಿಕಾರಿಯ ಕಾಲದಲ್ಲಿ ಸದ್ದಿಲ್ಲದೆ ಮುಗಿಯಿತು.

1900ರಲ್ಲಿ ಹಾಲೆಂಡಿನ ದ ವ್ರೀಸ್, ಜರ್ಮನಿಯ ಕೊರೆನ್ಸ್, ಆಸ್ಟ್ರಿಯಾದ ಚೆರ್ಮಾಕ್ ಎಂಬ ಮೂವರು ತಮ್ಮ ತಮ್ಮ ಪ್ರಯೋಗಗಳ ಜಾಡಿನಲ್ಲಿ 1866ರ ಆ ಲೇಖನವನ್ನು ತಲುಪಿದರು. ತಳಿಶಾಸ್ತ್ರವೆಂಬ ಹೊಸ ಶಾಸ್ತ್ರ ಅಲ್ಲಿಂದ ಕಣ್ಣುಬಿಟ್ಟಿತು. 1910ರಲ್ಲಿ ದೇಶದೇಶಗಳ ವಿದ್ವಾಂಸರ ನೆರವಿನಿಂದ ಬ್ರನೋದಲ್ಲಿ ಅಮೃತಶಿಲೆಯ ಪ್ರತಿಮೆಯೊಂದು ಎದ್ದಿತು. ಈಗ ಅದು ಮಠದ ಆವರಣದಲ್ಲಿಯೇ ಇದೆ. ನಿಲುವಂಗಿ ತೊಟ್ಟ ಸನ್ಯಾಸಿಗಳು ಗಿಡಬಳ್ಳಿಗಳ ನಡುವೆ ನಿಂತಿದ್ದಾರೆ. ಪೀಠದ ಮೇಲಿನ ಬರಹ ಅವರನ್ನು ನಿಸರ್ಗ ಸಂಶೋಧಕರೆಂದು ಕರೆಯುತ್ತದೆ. ಮಠಾಧಿಪತಿ ಪದವಿಯ ಮಾತು ಅದರಲ್ಲಿ ಇಲ್ಲ.